ಬಿಸಿನೀರು ಹೊತ್ತು ತಂದ ಚಿನ್ನ

ಕೋಲಾರದ ಚಿನ್ನವನ್ನು ಭೂಮಿಯ ಆಳದಿಂದ ಹೊತ್ತು ತಂದದ್ದು ನೀರು ಎಂದರೆ ಹಲವರು ನಂಬಲಿಕ್ಕಿಲ್ಲ. ಸುಮಾರು 250 ಕೋಟಿ ವರ್ಷಗಳ ಹಿಂದೆ ಗಂಧಕ ಬೆರೆತ ನೀರು, ನೂರಾರು ಡಿಗ್ರಿ ಕಾದರೂ ಒತ್ತಡದ ದೆಸೆಯಿಂದ ಆವಿಯಾಗದೆ, ಇಲ್ಲಿನ ಕಪ್ಪು ಲಾವಾ ಶಿಲೆಗಳ ಬಿರುಕುಗಳಲ್ಲಿ ಮೇಲೇರಿತು. ಗಂಧಕದ ಜೊತೆಗೂಡಿ ಚಿನ್ನವೂ ಅದರಲ್ಲಿ ಕರಗಿತ್ತು. ಒತ್ತಡ ಇಳಿದಲ್ಲಿ, ಬಂಡೆಯೊಳಗಿನ ಕಬ್ಬಿಣ ಗಂಧಕವನ್ನು ಸೆಳೆದುಕೊಂಡಲ್ಲಿ, ಜೊತೆಗಾರನನ್ನು ಕಳೆದುಕೊಂಡ ಚಿನ್ನ ಬಿಳಿ ಬೆಣಚುಕಲ್ಲಿನೊಡನೆ ಬಿರುಕಿನಲ್ಲೇ ಉಳಿಯಿತು.

ಹೀಗೆ ತುಂಬಿಕೊಂಡ ಬಿರುಕುಗಳಲ್ಲಿ ಹೆಸರಾದದ್ದು ಚಾಂಪಿಯನ್ ರೀಫ್. ಹಲವೆಡೆ ಒಂದು ಮೀಟರ್ ಅಗಲವೂ ಇಲ್ಲದ ಈ ಪಟ್ಟಿಯ ಬೆನ್ನು ಹತ್ತಿ ಕಾರ್ಮಿಕರು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. ಅಲ್ಲಿ ಬಂಡೆಯೇ ಸಿಡಿದು ಜೀವ ತೆಗೆಯುತ್ತಿತ್ತು. ಪಶ್ಚಿಮದ ಪಟ್ಟಿಗಳಲ್ಲಿ ಚಿನ್ನ ಕಬ್ಬಿಣ, ಆರ್ಸೆನಿಕ್ ಮತ್ತು ಗಂಧಕದ ಖನಿಜಗಳೊಡನೆ ಬೆರೆತಿತ್ತು. ಆರಂಭದಲ್ಲಿ ಟನ್ ಅದಿರಿಗೆ 40 ಗ್ರಾಂ ದಾಟುತ್ತಿದ್ದ ಚಿನ್ನ ಕೊನೆಗೆ ನಾಲ್ಕು ಗ್ರಾಂ ಆಸುಪಾಸಿಗೆ ಇಳಿದು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಚಿನ್ನ ಹೋಯಿತು, ಅದರ ನೆರೆಯ ಖನಿಜಗಳು ಹೋಗಲಿಲ್ಲ. ಅರೆದ ಕಲ್ಲಿನ ಹಿಟ್ಟು ಊರಿನ ಸೈನೈಡ್ ದಿಬ್ಬಗಳಲ್ಲಿದೆ; ಗಾಳಿ ಬೀಸಿದಾಗ ಆ ಧೂಳು ಕಾರ್ಮಿಕರ ಕಾಲನಿಯ ಮನೆಗಳೊಳಕ್ಕೆ ಬರುತ್ತದೆ.