ಸ್ಟೀರಿಂಗ್ ಹೊಟ್ಟೆ ಸೇರಿದ ಚೀಲ

1952ರ ವಸಂತ. ಅಮೆರಿಕದ ಪೆನ್ಸಿಲ್ವೇನಿಯಾದ ಜಾನ್ ಹೆಟ್ರಿಕ್ ಹೆಂಡತಿ, ಮಗಳೊಂದಿಗೆ ಕಾರಿನಲ್ಲಿ ಹೊರಟಿದ್ದರು. ದಿಬ್ಬ ದಾಟುತ್ತಲೇ ಎದುರಿಗೆ ಬಂಡೆ. ಬ್ರೇಕ್ ಒತ್ತಿ, ಸ್ಟೀರಿಂಗ್ ಎಳೆದು ಕಾರನ್ನು ಪಕ್ಕದ ಹಳ್ಳಕ್ಕೆ ಇಳಿಸಿದರು. ಆ ಗಳಿಗೆಯಲ್ಲಿ ಗಂಡ ಹೆಂಡತಿ ಇಬ್ಬರೂ ಮಾಡಿದ್ದು ಒಂದೇ ಕೆಲಸ: ನಡುವೆ ಕೂತ ಮಗಳಿಗೆ ಕೈ ಅಡ್ಡ ಹಿಡಿದದ್ದು. ಆ ಕೈ ಮಾಡುವ ಕೆಲಸವನ್ನು ಕಾರೇ ಏಕೆ ಮಾಡಬಾರದು ಎಂಬ ಯೋಚನೆ ಹೆಟ್ರಿಕ್‌ರನ್ನು ಹಿಡಿದುಕೊಂಡಿತು.

ದಾರಿ ತೋರಿಸಿದ್ದು ಯುದ್ಧಕಾಲದ ನೆನಪು. ನೌಕಾಪಡೆಯಲ್ಲಿ ಟಾರ್ಪೆಡೊ ದುರಸ್ತಿ ಮಾಡುವಾಗ ಒತ್ತಿಟ್ಟ ಗಾಳಿ ಆಕಸ್ಮಿಕವಾಗಿ ನುಗ್ಗಿ, ಹೊದಿಸಿದ್ದ ಕ್ಯಾನ್ವಾಸ್ ಬಟ್ಟೆಯನ್ನು ಚಾವಣಿಗೆ ಹಾರಿಸಿತ್ತು. ಅದೇ ಗಾಳಿ, ಅದೇ ಬಟ್ಟೆ. ಡಿಕ್ಕಿಯಾದಾಗ ಗಾಳಿ ನುಗ್ಗಿ ಉಬ್ಬುವ ಚೀಲಕ್ಕೆ, ಅಂದರೆ ಏರ್‌ಬ್ಯಾಗಿಗೆ, 1952ರ ಆಗಸ್ಟ್‌ನಲ್ಲೇ ಅರ್ಜಿ ಹಾಕಿ, 1953ರ ಆಗಸ್ಟ್ 18ರಂದು ಪೇಟೆಂಟ್ ಪಡೆದರು. ಅತ್ತ ಜರ್ಮನಿಯಲ್ಲಿ ವಾಲ್ಟರ್ ಲಿಂಡರರ್ ಇಂಥದ್ದೇ ಚೀಲಕ್ಕೆ 1951ರಲ್ಲೇ ಅರ್ಜಿ ಹಾಕಿದ್ದರು.

ಹೆಟ್ರಿಕ್ ಕಾರು ಕಂಪನಿಗಳಿಗೆ ಪತ್ರ ಬರೆದರು; ಯಾರೂ ಕಿವಿಗೊಡಲಿಲ್ಲ. ಪೇಟೆಂಟಿನ ಅವಧಿ 1970ಕ್ಕೆ ಮುಗಿಯಿತು. ಏರ್‌ಬ್ಯಾಗ್ ಇರುವ ಓಲ್ಡ್ಸ್‌ಮೊಬೈಲ್ ಟೊರೊನಾಡೊ ಮಾರುಕಟ್ಟೆಗೆ ಬಂದದ್ದು 1973ರಲ್ಲಿ. ಅನ್ಯಾಯವೇ ಸರಿ. ಆದರೂ ತಪ್ಪೆಲ್ಲ ಕಂಪನಿಗಳದ್ದು ಎನ್ನಲಾರೆ. ಡಿಕ್ಕಿಯಾದ ಮೇಲೆ ಚೀಲ ಉಬ್ಬಲು ಸಿಗುವ ಸಮಯ ಸೆಕೆಂಡಿನ ಮೂವತ್ತರಲ್ಲಿ ಒಂದು ಪಾಲು, ಹೆಚ್ಚುಕಡಿಮೆ ಅಷ್ಟೇ. ಒತ್ತಿಟ್ಟ ಗಾಳಿಗೆ ಆ ವೇಗ ಇರಲಿಲ್ಲ. ಡಿಕ್ಕಿ ಯಾವುದು, ಗುಂಡಿಯ ಕುಲುಕಾಟ ಯಾವುದು ಎಂದು ಖಚಿತವಾಗಿ ಹೇಳುವ ಸಾಧನವೂ ಇರಲಿಲ್ಲ.

ಡಿಕ್ಕಿ ಗುರುತಿಸುವ ಉಪಾಯ ಕೊಟ್ಟವರಲ್ಲಿ ಅಮೆರಿಕದ ಅಲೆನ್ ಬ್ರೀಡ್ ಮುಖ್ಯರು. 1960ರ ದಶಕದ ಕೊನೆಯಲ್ಲಿ ಅವರು ರೂಪಿಸಿದ ಸೆನ್ಸರಿನಲ್ಲಿ ಇರುವುದು ಒಂದು ಕೊಳವೆ, ಒಂದು ಉಕ್ಕಿನ ಗುಂಡು, ಅದನ್ನು ಹಿಡಿದಿಟ್ಟ ಅಯಸ್ಕಾಂತ. ಕಾರು ಸಣ್ಣಗೆ ಕುಲುಕಿದರೆ ಗುಂಡು ಅಲುಗದು. ತಟ್ಟನೆ ನಿಂತರೆ ಅಯಸ್ಕಾಂತದಿಂದ ಕಳಚಿ ಮುಂದೋಡಿ ವಿದ್ಯುತ್ ಕೂಡಿಸುತ್ತದೆ. ಇಡೀ ಕತೆಯಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಈ ಗುಂಡೇ.

ಗಾಳಿಯ ಜಾಗಕ್ಕೆ ಬಂದದ್ದು ಸೋಡಿಯಂ ಅಜೈಡ್ ಬಿಲ್ಲೆ. ಕಿಡಿ ತಾಗಿದರೆ ಸಾಕು, ಚೀಲ ತುಂಬುವಷ್ಟು ನೈಟ್ರೋಜನ್ ಕ್ಷಣದಲ್ಲಿ ಹೊರಬರುತ್ತದೆ. ಆದರೆ ಸೋಡಿಯಂ ಅಜೈಡ್ ವಿಷ; ಹಾಗಾಗಿ ಮುಂದೆ ಬೇರೆ ರಾಸಾಯನಿಕಗಳು ಬಂದವು. ಜಪಾನಿನ ಟಕಾಟಾ ಕಂಪನಿ ಅಮೋನಿಯಂ ನೈಟ್ರೇಟ್ ಆರಿಸಿಕೊಂಡಿತು. ವರ್ಷಗಟ್ಟಲೆ ಸೆಕೆ, ತೇವ ತಿಂದ ಆ ಮಿಶ್ರಣ ಉರಿಯುವ ಬದಲು ಸಿಡಿದು, ಲೋಹದ ಡಬ್ಬಿಯ ಚೂರುಗಳೇ ಚಾಲಕರನ್ನು ಕೊಂದವು. ಕೋಟಿಗಟ್ಟಲೆ ಡಬ್ಬಿಗಳನ್ನು ವಾಪಸು ಕರೆಯಬೇಕಾಯಿತು. 2017ರಲ್ಲಿ ಕಂಪನಿ ದಿವಾಳಿ ಎದ್ದಿತು.

ಮರ್ಸಿಡಿಸ್ 1981ರಲ್ಲಿ ಎಸ್-ಕ್ಲಾಸ್ ಕಾರಿಗೆ ಚಾಲಕನ ಏರ್‌ಬ್ಯಾಗ್ ಕೊಟ್ಟಾಗ ಸೀಟ್ ಬೆಲ್ಟನ್ನೂ ಅದರ ಜೊತೆಗಾರನನ್ನಾಗಿ ಮಾಡಿತು. ಚಾಲಕನ ಕಡೆ ಇನ್ನೊಂದು ತೊಡಕಿದೆ: ಸ್ಟೀರಿಂಗ್ ಚಕ್ರ ತಿರುಗುತ್ತಲೇ ಇರುತ್ತದೆ, ಏರ್‌ಬ್ಯಾಗಿಗೆ ಹೋಗುವ ತಂತಿ ತಿರುಚಿ ಹರಿಯಬಾರದು. ಅದಕ್ಕೇ ಸ್ಟೀರಿಂಗಿನ ಹಿಂದೆ ಚಕ್ಕುಲಿಯಂತೆ ಸುತ್ತಿದ ಚಪ್ಪಟೆ ತಂತಿಯ ಡಬ್ಬಿ ಇರುತ್ತದೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಕ್ಲಾಕ್ ಸ್ಪ್ರಿಂಗ್. ಒಂದೆಡೆ ತಿರುಗಿದರೆ ಬಿಗಿಯುತ್ತದೆ, ಇನ್ನೊಂದೆಡೆ ಸಡಿಲವಾಗುತ್ತದೆ. ಅದರ ಮೇಲೆ ಗ್ಯಾಸಿನ ಡಬ್ಬಿ, ಮಡಿಸಿದ ನೈಲಾನ್ ಚೀಲ, ಒಳಗಿನಿಂದ ಗೀರು ಹಾಕಿದ ಮುಚ್ಚಳ. ಚೀಲ ಉಬ್ಬಿದಾಗ ಆ ಗೀರಿನಲ್ಲೇ ಮುಚ್ಚಳ ಸೀಳುತ್ತದೆ.

ದುರಸ್ತಿಗೆಂದು ಏರ್‌ಬ್ಯಾಗ್ ಬಿಚ್ಚುವ ಮುನ್ನ ಬ್ಯಾಟರಿ ಕಳಚಿ ಕೆಲವು ನಿಮಿಷ ಕಾಯಲೇಬೇಕು. ಬ್ಯಾಟರಿಯ ಸಂಪರ್ಕ ಕಡಿದರೂ ಚೀಲ ಉಬ್ಬಲೆಂದು ಕೆಪಾಸಿಟರಿನಲ್ಲಿ ಒಂದಿಷ್ಟು ವಿದ್ಯುತ್ ಉಳಿಸಿರುತ್ತಾರೆ. ಅಪಘಾತದಲ್ಲಿ ಪ್ರಾಣ ಉಳಿಸುವ ಅದೇ ಏರ್ಪಾಟು ಗ್ಯಾರೇಜಿನಲ್ಲಿ ಅಪಾಯ. ಬಿಚ್ಚಿದ ಏರ್‌ಬ್ಯಾಗನ್ನು ಮುಚ್ಚಳ ಮೇಲಾಗಿ ಇಡಬೇಕು. ಬೋರಲಿಟ್ಟಾಗ ಸಿಡಿದರೆ ಇಡೀ ಡಬ್ಬಿಯೇ ಹಾರುತ್ತದೆ. ಮಲ್ಟಿಮೀಟರ್ ಕಡ್ಡಿ ನೇರವಾಗಿ ಅದಕ್ಕೆ ತಾಗಿಸುವಂತಿಲ್ಲ, ಮೀಟರಿನ ಸಣ್ಣ ವಿದ್ಯುತ್ತೂ ಕಿಡಿ ಹತ್ತಿಸೀತು. ಮರಳಿ ಜೋಡಿಸುವಾಗ ಮುಂದಿನ ಚಕ್ರಗಳು ನೇರವಾಗಿರಬೇಕು, ಕ್ಲಾಕ್ ಸ್ಪ್ರಿಂಗ್ ಸರಿಯಾಗಿ ನಡುವಿನಲ್ಲಿರಬೇಕು. ಇಲ್ಲದಿದ್ದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದ ದಿನ ತಂತಿ ಹರಿದು ಏರ್‌ಬ್ಯಾಗ್ ದೀಪ ಹತ್ತುತ್ತದೆ, ಎಷ್ಟೋ ಕಾರುಗಳಲ್ಲಿ ಹಾರ್ನೂ ಕೈಕೊಡುತ್ತದೆ.