ಕಾಲೇಜು ಅಂಗಳದಿಂದ ವೃತ್ತಿಪರ ಟೆನಿಸ್ ಕಣಕ್ಕೆ

2023ರ ಅಕ್ಟೋಬರ್ ತಿಂಗಳಿನಲ್ಲಿ ಧಾರವಾಡದಲ್ಲಿ ಪುರುಷರ ಅಂತಾರಾಷ್ಟ್ರೀಯ ಟೆನಿಸ್ ಪಂದ್ಯಾವಳಿಯೊಂದು ಜರುಗಿತು. ಅದರ ಬೆನ್ನಿಗೇ, ನವೆಂಬರ್ ಕೊನೆಯಲ್ಲಿ, ಕಲಬುರಗಿಯಲ್ಲಿ ಇನ್ನೊಂದು. ವಿಶ್ವ ಶ್ರೇಯಾಂಕದ ಅಂಕಗಳನ್ನು ಅರಸಿ ಹೊರದೇಶದ ತರುಣರು ನಮ್ಮ ಊರುಗಳಿಗೆ ಬಂದಿಳಿದುದನ್ನು ಕಂಡು ನಾವು ಸಂತೋಷಪಟ್ಟೆವು. ಧಾರವಾಡದ ಪಂದ್ಯಗಳನ್ನು ನೋಡುತ್ತ ಕುಳಿತಿದ್ದಾಗ ಪಕ್ಕದಲ್ಲಿದ್ದ ನಮ್ಮ ಪರಿಚಯದವರೊಬ್ಬರು, ಹುಬ್ಬಳ್ಳಿಯಲ್ಲಿ ಸಣ್ಣದೊಂದು ಅಂಗಡಿ ಇಟ್ಟುಕೊಂಡವರು, ಹತ್ತನೆಯ ತರಗತಿಯಲ್ಲಿದ್ದ ತಮ್ಮ ಮಗಳ ವಿಷಯವನ್ನೆತ್ತಿದರು. ಬಾಲಕಿ ಒಂಬತ್ತನೆಯ ವಯಸ್ಸಿನಿಂದಲೂ ಆಡುತ್ತಿದ್ದಾಳೆ. ರಾಜ್ಯಮಟ್ಟದ ಪಂದ್ಯಗಳಲ್ಲಿ ಹೆಸರು ಬಂದಿದೆ. ಇತ್ತ ಶಾಲೆಯಲ್ಲಿ ಹಾಜರಾತಿ ಸಾಲದು ಎಂಬ ಪತ್ರವೂ ಬಂದಿದೆ. "ಸಾಲಿ ಬಿಡಸಬೇಕೋ ಆಟ ಬಿಡಸಬೇಕೋ, ನೀವಽ ಹೇಳ್ರಿ" ಎಂದರು ಅವರು.

ಆ ಕ್ಷಣಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದರೆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಮಗುವಿನ ಹದಿನಾರನೆಯ ವಯಸ್ಸಿನಲ್ಲಿ ಬಾಗಿಲು ತಟ್ಟುತ್ತದೆ. ಆದಕಾರಣ ನಾವು ಓದಿ, ಕೇಳಿ ತಿಳಿದುಕೊಂಡದ್ದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಮೊದಲು ಲೆಕ್ಕಾಚಾರದ ಮಾತು. ಹದಿನೆಂಟು ವರ್ಷದೊಳಗಿನವರ ಅಂತಾರಾಷ್ಟ್ರೀಯ ಜೂನಿಯರ್ ಪಂದ್ಯಾವಳಿಗಳಲ್ಲಿ ಬಹುಮಾನದ ಹಣವೆಂಬುದೇ ಇಲ್ಲ. ಅಲ್ಲಿ ದೊರೆಯುವುದು ಶ್ರೇಯಾಂಕದ ಅಂಕಗಳು ಮಾತ್ರ. ಪ್ರಯಾಣ, ವಸತಿ, ತರಬೇತುದಾರರ ವೆಚ್ಚ ಎಲ್ಲವೂ ಮನೆಯವರ ಮೇಲೆ. ವೃತ್ತಿಪರ ಟೆನಿಸ್ಸಿನ ಮೊದಲ ಮೆಟ್ಟಿಲಾದರೂ ಉದಾರವಾಗಿಲ್ಲ. ಒಟ್ಟು 15 ಸಾವಿರ ಡಾಲರ್ ಬಹುಮಾನದ ಪುರುಷರ ಪಂದ್ಯಾವಳಿಯಲ್ಲಿ ಸಿಂಗಲ್ಸ್ ಗೆದ್ದವನ ಕೈಗೆ ಬರುತ್ತಿದ್ದದ್ದು 2,160 ಡಾಲರ್; ಮೊದಲ ಸುತ್ತಿನಲ್ಲೇ ಸೋತವನಿಗೆ 156 ಡಾಲರ್. ವಿಮಾನದ ಟಿಕೇಟು, ವಾರದ ಊಟ, ರ‍್ಯಾಕೆಟ್ಟಿನ ತಂತಿ ಬಿಗಿಸುವ ಖರ್ಚು ಇವನ್ನು ಕಳೆದರೆ ಗೆದ್ದವನಿಗೂ ಹೆಚ್ಚೇನು ಉಳಿಯದು. ಹೀಗಿರುವಾಗ ಹದಿನೇಳರ ಹುಡುಗನೋ ಹುಡುಗಿಯೋ ಓದನ್ನು ಬದಿಗಿಟ್ಟು ಈ ಕಣಕ್ಕೆ ಧುಮುಕುವುದೆಂದರೆ, ಮನೆಯವರು ಎಷ್ಟೋ ವರ್ಷಗಳ ಕಾಲ ಕೈಯಿಂದ ಹಣ ಹಾಕುತ್ತ ಹೋಗಬೇಕೆಂದೇ ಅರ್ಥ.

ಜೂನಿಯರ್ ಕಿರೀಟ ಧರಿಸಿದರೆ ಮುಂದಿನ ದಾರಿ ಸುಗಮವಾದೀತೆಂಬ ನಂಬಿಕೆಯೂ ಉಂಟು. ನಮ್ಮ ದೇಶಕ್ಕೆ ಈ ಕಿರೀಟ ಹೊಸದಲ್ಲ. 1954ರಲ್ಲಿ ರಾಮನಾಥನ್ ಕೃಷ್ಣನ್ ವಿಂಬಲ್ಡನ್ ಜೂನಿಯರ್ ಪ್ರಶಸ್ತಿ ಗೆದ್ದರು. ಅವರ ಪುತ್ರ ರಮೇಶ್ ಕೃಷ್ಣನ್ 1979ರಲ್ಲಿ, ಲಿಯಾಂಡರ್ ಪೇಸ್ 1990ರಲ್ಲಿ ಅದೇ ಪ್ರಶಸ್ತಿಯನ್ನು ತಂದರು. ಇವರೆಲ್ಲರೂ ಮುಂದೆಯೂ ಬೆಳಗಿದರು, ನಿಜ. ಆದರೆ 2009ರಲ್ಲಿ ಆಸ್ಟ್ರೇಲಿಯನ್ ಓಪನ್ ಜೂನಿಯರ್ ಪ್ರಶಸ್ತಿ ಗೆದ್ದ ಯೂಕಿ ಭಾಂಬ್ರಿಯವರ ಕಥೆ ಬೇರೆ. ಪ್ರತಿಭೆಯಲ್ಲಿ ಕೊರತೆಯಿರಲಿಲ್ಲ; ಗಾಯಗಳು ಅವರನ್ನು ಮತ್ತೆ ಮತ್ತೆ ಹಿಂದಕ್ಕೆಳೆದವು. ಸಿಂಗಲ್ಸ್‌ನಲ್ಲಿ ಮೊದಲ ನೂರರೊಳಗೆ ನೆಲೆ ನಿಲ್ಲಲಾಗದೆ ಅವರು ಡಬಲ್ಸ್ ಆಟದಲ್ಲಿ ತಮ್ಮ ಸ್ಥಾನವನ್ನು ಕಟ್ಟಿಕೊಳ್ಳಬೇಕಾಯಿತು. ಹದಿನಾರರ ಮೊಣಕಾಲು ಇಪ್ಪತ್ತಾರರಲ್ಲಿ ಹೇಗಿದ್ದೀತೆಂದು ಯಾವ ತರಬೇತುದಾರನೂ ಬರೆದುಕೊಡಲಾರ.

ಓದು ಮತ್ತು ಆಟಗಳ ನಡುವೆ ಮೂರನೆಯ ದಾರಿಯೊಂದಿದೆಯೆಂದು ನಮ್ಮ ದೇಶಕ್ಕೆ ಮನಗಾಣಿಸಿದವರಲ್ಲಿ ಸೋಮದೇವ್ ದೇವವರ್ಮನ್ ಪ್ರಮುಖರು. ತ್ರಿಪುರಾ ಮೂಲದ, ಚೆನ್ನೈಯಲ್ಲಿ ಆಟ ಕಲಿತ ಈ ತರುಣ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯ ಸೇರಿ ಸಮಾಜಶಾಸ್ತ್ರ ಓದಿದರು. ಕಾಲೇಜು ತಂಡಕ್ಕೆ ಆಡಿದರು. ಎನ್.ಸಿ.ಎ.ಎ. ಎಂಬುದು ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ರಾಷ್ಟ್ರೀಯ ಸಂಸ್ಥೆ. ಅದರ ಸಿಂಗಲ್ಸ್ ಅಂತಿಮ ಪಂದ್ಯಕ್ಕೆ ಸೋಮದೇವ್ 2006, 2007, 2008 ಹೀಗೆ ಸತತ ಮೂರು ವರ್ಷ ಏರಿದರು. ಮೊದಲನೆಯದರಲ್ಲಿ ಸೋತರು. 2007ರ ಅಂತಿಮ ಪಂದ್ಯ ಜಾರ್ಜಿಯಾ ರಾಜ್ಯದ ಏಥೆನ್ಸ್ ಪಟ್ಟಣದಲ್ಲಿ. ಎದುರಾಳಿ ಅದೇ ಊರಿನ ವಿಶ್ವವಿದ್ಯಾಲಯದ ಜಾನ್ ಇಸ್ನರ್, ಆರಡಿ ಹತ್ತು ಅಂಗುಲದ ದೈತ್ಯ, ಸರ್ವ್ ಎಂದರೆ ಗುಂಡು ಹಾರಿದಂತೆ. ಅಂಗಳ ಅವರದು, ಪ್ರೇಕ್ಷಕರೂ ಅವರವರೇ. ಮೂರನೆಯ ಸೆಟ್ಟಿನ ಟೈಬ್ರೇಕರ್‌ವರೆಗೂ ಎಳೆದ ಆ ಹೋರಾಟವನ್ನು ನಮ್ಮ ಹುಡುಗ ಗೆದ್ದ. ಮರುವರ್ಷ ಪ್ರಶಸ್ತಿಯನ್ನು ಉಳಿಸಿಕೊಂಡದ್ದಲ್ಲದೆ ಇಡೀ ಋತುವಿನಲ್ಲಿ 44 ಪಂದ್ಯ ಗೆದ್ದು ಒಂದರಲ್ಲಿ ಮಾತ್ರ ಸೋತರು.

ಪದವಿ ಕೈಗೆ ಬಂದ ಬಳಿಕವೇ ಅವರು ಪೂರ್ಣಾವಧಿ ವೃತ್ತಿಪರರಾದದ್ದು. 2009ರ ಜನವರಿಯಲ್ಲಿ, ವಿಶ್ವ ಪಟ್ಟಿಯಲ್ಲಿ 200ರ ಆಚೆಯಿದ್ದ ಈ ತರುಣನಿಗೆ ಚೆನ್ನೈ ಓಪನ್ ಪಂದ್ಯಾವಳಿಯಲ್ಲಿ ವೈಲ್ಡ್ ಕಾರ್ಡ್ ಮೂಲಕ ಅವಕಾಶ ದೊರೆಯಿತು. ಹಿಂದೊಮ್ಮೆ ವಿಶ್ವದ ಅಗ್ರಸ್ಥಾನದಲ್ಲಿದ್ದ ಸ್ಪೇನಿನ ಕಾರ್ಲೋಸ್ ಮೋಯಾ ಅವರನ್ನೂ ಕ್ರೊಯೇಷಿಯದ ಇವೊ ಕಾರ್ಲೋವಿಚ್ ಅವರನ್ನೂ ಸೋಲಿಸಿ ಅಂತಿಮ ಪಂದ್ಯ ತಲುಪಿದರು. 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ ಸಿಂಗಲ್ಸ್ ಚಿನ್ನ, ಅದೇ ವರ್ಷ ಚೀನಾದ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸಿಂಗಲ್ಸ್ ಮತ್ತು ಡಬಲ್ಸ್ ಚಿನ್ನ. ಡಬಲ್ಸ್‌ನಲ್ಲಿ ಜೊತೆಗಾರರಾಗಿದ್ದವರು ಸನಮ್ ಸಿಂಗ್; ಅವರೂ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡದವರೇ. 2011ರಲ್ಲಿ ಸೋಮದೇವ್ ವಿಶ್ವ ಪಟ್ಟಿಯಲ್ಲಿ 62ನೆಯ ಸ್ಥಾನಕ್ಕೇರಿದರು. ಮುಂದೆ ಭುಜದ ನೋವು ಕಾಡಿತು. 2017ರ ಮೊದಲ ದಿನ ನಿವೃತ್ತಿ ಘೋಷಿಸಿದರು.

ಅಮೆರಿಕದ ಕಾಲೇಜು ಟೆನಿಸ್ಸಿನ ರೀತಿಯನ್ನು ಸ್ವಲ್ಪ ವಿವರಿಸಬೇಕು. ಏಕೆಂದರೆ ನಮ್ಮ ಅಂತರ ವಿಶ್ವವಿದ್ಯಾಲಯ ಪಂದ್ಯಗಳನ್ನು ನೋಡಿದವರಿಗೆ ಅದು ಊಹೆಗೆ ಬರಲಾರದು. ಅಲ್ಲಿ ಎರಡು ಕಾಲೇಜುಗಳು ಎದುರಾದಾಗ ಮೂರು ಡಬಲ್ಸ್, ಆರು ಸಿಂಗಲ್ಸ್ ಪಂದ್ಯಗಳು ನಡೆಯುತ್ತವೆ. ಮೂರು ಡಬಲ್ಸ್ ಸೇರಿ ಒಂದು ಅಂಕ, ಪ್ರತಿ ಸಿಂಗಲ್ಸ್‌ಗೆ ಒಂದೊಂದು. ಏಳರಲ್ಲಿ ಮೊದಲು ನಾಲ್ಕು ಗಳಿಸಿದವರಿಗೆ ಜಯ. ಆರೂ ಸಿಂಗಲ್ಸ್ ಅಕ್ಕಪಕ್ಕದ ಅಂಗಳಗಳಲ್ಲಿ ಏಕಕಾಲಕ್ಕೆ ನಡೆಯುತ್ತವೆ. ಪಕ್ಕದವನು ಸೋಲುತ್ತಿದ್ದಾನೆಂಬುದು ಕಿವಿಗೆ ಬೀಳುತ್ತಲೇ ಇರುತ್ತದೆ. ವಿಂಬಲ್ಡನ್ನಿನ ಮೌನ ಅಲ್ಲಿಲ್ಲ. ಸಹಪಾಠಿಗಳ ಕೂಗು, ಚಪ್ಪಾಳೆ, ಹಂಗಿಸುವಿಕೆ ಎಲ್ಲವೂ ಉಂಟು. ಟೆನಿಸ್ ಒಂಟಿಯವರ ಆಟ. ಹದಿನೆಂಟರ ವಯಸ್ಸಿನಲ್ಲಿ ಅಪರಿಚಿತ ದೇಶದ ಹೋಟೆಲ್ಲಿನ ಕೋಣೆಯಲ್ಲಿ, ಸೋತ ಸಂಜೆ ಒಬ್ಬನೇ ಕುಳಿತಿರುವುದೆಂದರೆ ಏನೆಂದು ಆಡಿದವರನ್ನೇ ಕೇಳಬೇಕು. ಕಾಲೇಜಿನಲ್ಲಿ ಸೋತರೆ ಬೆನ್ನು ತಟ್ಟಲು ಜೊತೆಯವರಿರುತ್ತಾರೆ. ತರಬೇತುದಾರ, ವ್ಯಾಯಾಮಶಾಲೆ, ವೈದ್ಯೋಪಚಾರ ಎಲ್ಲವೂ ಕಾಲೇಜಿನದು. ಉಚಿತ ವಿದ್ಯಾರ್ಥಿನಿಲಯದಲ್ಲಿದ್ದು ಓದಿ ಮುಂದೆ ಬಂದ ನಮ್ಮ ಹಿರಿಯರಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ನಾಲ್ಕು ವರ್ಷ ಕಾಲೇಜಿನಲ್ಲಿ ಕಳೆದರೆ ಆಟ ಮಸಕಾಗುತ್ತದೆ ಎಂಬ ಆಕ್ಷೇಪವೊಂದಿದೆ. ನಮಗೂ ಮೊದಲು ಹಾಗೇ ತೋರಿತ್ತು. ಆದರೆ 2018ರ ವಿಂಬಲ್ಡನ್ ಸೆಮಿಫೈನಲ್ ನೋಡಿ. ಅಲ್ಲಿ ಎದುರಾದವರು ಅದೇ ಇಸ್ನರ್ ಮತ್ತು ದಕ್ಷಿಣ ಆಫ್ರಿಕದ ಕೆವಿನ್ ಆಂಡರ್ಸನ್. ಹನ್ನೊಂದು ವರ್ಷಗಳ ಹಿಂದೆ, 2007ರ ಕಾಲೇಜು ತಂಡ ಪ್ರಶಸ್ತಿಯ ಅಂತಿಮ ಪಂದ್ಯದಲ್ಲಿ ಒಬ್ಬರು ಜಾರ್ಜಿಯಾ ತಂಡದಲ್ಲಿ, ಇನ್ನೊಬ್ಬರು ಇಲಿನಾಯ್ ತಂಡದಲ್ಲಿದ್ದರು. ವಿಂಬಲ್ಡನ್ನಿನಲ್ಲಿ ಐದನೆಯ ಸೆಟ್ಟನ್ನು ಆಂಡರ್ಸನ್ 26-24ರಿಂದ ಗೆಲ್ಲುವ ವೇಳೆಗೆ ಆರು ಗಂಟೆ ಮೂವತ್ತಾರು ನಿಮಿಷ ಸಂದಿದ್ದವು. ಒಬ್ಬರಿಗೆ 32, ಇನ್ನೊಬ್ಬರಿಗೆ 33 ವರ್ಷ. ಮಹಿಳೆಯರಲ್ಲಿ ಡ್ಯಾನಿಯೆಲ್ ಕಾಲಿನ್ಸ್ 2014 ಮತ್ತು 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಕಾಲೇಜು ಸಿಂಗಲ್ಸ್ ಪ್ರಶಸ್ತಿ ತಂದುಕೊಟ್ಟವರು. 2022ರಲ್ಲಿ ಆಸ್ಟ್ರೇಲಿಯನ್ ಓಪನ್ ಅಂತಿಮ ಪಂದ್ಯ ಆಡಿದರು. ಫ್ಲಾರಿಡಾ ವಿಶ್ವವಿದ್ಯಾಲಯದ ಬೆನ್ ಶೆಲ್ಟನ್ 2022ರಲ್ಲಿ ಕಾಲೇಜು ಪ್ರಶಸ್ತಿ ಗೆದ್ದು, ಓದಿನ ನಡುವೆಯೇ ವೃತ್ತಿಪರರಾಗಿ, ಮರುವರ್ಷ ಅಮೆರಿಕನ್ ಓಪನ್ ಸೆಮಿಫೈನಲ್ ತಲುಪಿದರು. ಅಷ್ಟು ಬೇಗ ಹಾರಿದವರು ವಿರಳ. ಕಾಲೇಜಿನಲ್ಲಿ ಆಡುವ ಬಹುಪಾಲು ಮಂದಿ ವೃತ್ತಿಪರರಾಗುವುದೇ ಇಲ್ಲ. ಅವರ ಕೈಯಲ್ಲಿ ಪದವಿ ಇರುತ್ತದೆ.

2023ರಿಂದೀಚೆಗೆ ಇನ್ನೊಂದು ಅನುಕೂಲವಾಗಿದೆ. ಪುರುಷರ ಕಾಲೇಜು ಶ್ರೇಯಾಂಕದಲ್ಲಿ ಮೊದಲ 20 ಸ್ಥಾನಗಳಲ್ಲಿರುವವರಿಗೆ ಚಾಲೆಂಜರ್ ಮಟ್ಟದ ವೃತ್ತಿಪರ ಪಂದ್ಯಾವಳಿಗಳ ಪ್ರಧಾನ ಸುತ್ತು ಇಲ್ಲವೆ ಅರ್ಹತಾ ಸುತ್ತಿಗೆ ಪ್ರವೇಶ ನೀಡುವ ಏರ್ಪಾಡು ಬಂದಿದೆ. ವಿಶ್ವ ಜೂನಿಯರ್ ಪಟ್ಟಿಯ ಅಗ್ರ ಬಾಲಕರಿಗೂ ಇಂಥದೇ ಅವಕಾಶವನ್ನು ಕಲ್ಪಿಸಲಾಯಿತು. ಕೆಳಗಿನ ಮೆಟ್ಟಿಲುಗಳಲ್ಲಿ ವರ್ಷಗಟ್ಟಲೆ ಕಾಲೆಳೆಯುವುದು ಇದರಿಂದ ಕೆಲವರಿಗಾದರೂ ತಪ್ಪುತ್ತದೆ.

ಇನ್ನು ಕಹಿಯಾದ ಭಾಗವನ್ನೂ ಮುಚ್ಚಿಡದೆ ಹೇಳಬೇಕು. ಕಾಲೇಜು ಆಟಗಾರರು ಹವ್ಯಾಸಿಗಳಾಗಿಯೇ ಇರಬೇಕೆಂಬ ಹಠದಿಂದ ಎನ್.ಸಿ.ಎ.ಎ. ದೀರ್ಘಕಾಲ ಒಂದು ನಿಯಮವನ್ನು ಪಾಲಿಸಿತು. ಕಾಲೇಜು ಸೇರುವ ಮುನ್ನ ವರ್ಷಕ್ಕೆ 10 ಸಾವಿರ ಡಾಲರ್‌ವರೆಗೆ ಬಹುಮಾನ ಪಡೆಯಬಹುದು. ಸೇರಿದ ಮೇಲೆ ಪಂದ್ಯಾವಳಿಯ ಖರ್ಚಿನಷ್ಟು ಮಾತ್ರ. 2024ರ ಅಮೆರಿಕನ್ ಓಪನ್‌ನಲ್ಲಿ ಆಸ್ಟ್ರೇಲಿಯದ ಮಾಯಾ ಜಾಯಿಂಟ್ ಎಂಬ ಹದಿನೆಂಟರ ಹುಡುಗಿ ಅರ್ಹತಾ ಸುತ್ತು ದಾಟಿ, ಪ್ರಧಾನ ಹಂತದಲ್ಲೂ ಒಂದು ಪಂದ್ಯ ಗೆದ್ದಳು. ಆ ಸಾಧನೆಗೆ ಸಲ್ಲಬೇಕಾದ ಬಹುಮಾನ 1,40,000 ಡಾಲರ್. ಆಕೆ ಟೆಕ್ಸಾಸ್ ವಿಶ್ವವಿದ್ಯಾಲಯ ಸೇರುವವಳಾದ್ದರಿಂದ ಖರ್ಚು ಕಳೆದು ಉಳಿದುದನ್ನು ಬಿಟ್ಟುಕೊಡಬೇಕಾಯಿತು. ಆ ವರ್ಷಾಂತ್ಯದಲ್ಲೇ ಆಕೆ ಕಾಲೇಜು ಟೆನಿಸ್ ತೊರೆದು ವೃತ್ತಿಪರಳಾದಳು. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ರೀಸ್ ಬ್ರಾಂಟ್‌ಮೈಯರ್ 2021ರ ಅಮೆರಿಕನ್ ಓಪನ್‌ನಲ್ಲಿ ಗಳಿಸಿದ ಸುಮಾರು 49 ಸಾವಿರ ಡಾಲರಿನ ಬಹುಭಾಗವನ್ನು ಇದೇ ನಿಯಮದಿಂದ ಕಳೆದುಕೊಂಡು, 2024ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಶ್ರಮಪಟ್ಟು ಗಳಿಸಿದ್ದನ್ನು ದುಡಿದವರ ಕೈಗೆ ಕೊಡಬಾರದೆಂಬ ನಿಯಮ ನಮಗಂತೂ ನ್ಯಾಯವೆನಿಸದು. 2021ರಿಂದ ಅಲ್ಲಿನ ಆಟಗಾರರು ತಮ್ಮ ಹೆಸರು, ಭಾವಚಿತ್ರಗಳ ಬಳಕೆಯಿಂದ ಜಾಹೀರಾತಿನ ಹಣ ಪಡೆಯಬಹುದಾಗಿದೆ. ಆದರೆ ವಿದ್ಯಾರ್ಥಿ ವೀಸಾದ ಮೇಲೆ ಹೋದ ನಮ್ಮ ಮಕ್ಕಳಿಗೆ ಅದರಲ್ಲೂ ಕಾನೂನಿನ ತೊಡಕುಗಳುಂಟು. ನಿಯಮಗಳು ಬೇಗ ಬೇಗ ಬದಲಾಗುತ್ತಿರುವುದರಿಂದ, ಸೇರುವ ವರ್ಷದ ನಿಯಮವನ್ನೇ ಕಾಲೇಜಿನವರಿಂದ ಬರವಣಿಗೆಯಲ್ಲಿ ಪಡೆಯುವುದು ಲೇಸು.

ವಿದ್ಯಾರ್ಥಿವೇತನದ ವಿಷಯದಲ್ಲಿ ಹೆಣ್ಣುಮಕ್ಕಳ ತಂದೆತಾಯಿಗಳು ತಿಳಿಯಬೇಕಾದ ಸಂಗತಿಯೊಂದಿದೆ. ಅಲ್ಲಿನ ಮೊದಲ ದರ್ಜೆಯ ಕಾಲೇಜುಗಳಲ್ಲಿ ಬಹುಕಾಲ ಮಹಿಳೆಯರ ಟೆನಿಸ್ ತಂಡಕ್ಕೆ 8 ಪೂರ್ಣ ವಿದ್ಯಾರ್ಥಿವೇತನಗಳಿದ್ದವು. ಪುರುಷರ ತಂಡಕ್ಕೆ ಕೇವಲ ನಾಲ್ಕೂವರೆ, ಅದನ್ನೇ ಎಂಟು ಹತ್ತು ಹುಡುಗರ ನಡುವೆ ಹಂಚಬೇಕಾಗಿತ್ತು. ವಿದ್ಯಾಸಂಸ್ಥೆಗಳಲ್ಲಿ ಸ್ತ್ರೀಪುರುಷರಿಗೆ ಸಮಾನ ಅವಕಾಶ ವಿಧಿಸಿದ 1972ರ ಕಾನೂನು ಇದಕ್ಕೆ ಹಿನ್ನೆಲೆ. 2025ರ ಜುಲೈನಿಂದ, ಹೊಸ ಒಪ್ಪಂದವನ್ನು ಅಂಗೀಕರಿಸಿದ ಕಾಲೇಜುಗಳಲ್ಲಿ ಈ ಮಿತಿಗಳು ಹೋಗಿ, ತಂಡವೊಂದಕ್ಕೆ 10 ಆಟಗಾರರೆಂಬ ಮಿತಿ ಬಂದಿದೆ. ಪೂರ್ಣವೇತನ ಎಂಬ ಮಾತಿಗೆ ಮರುಳಾಗದೆ ಬೋಧನಾ ಶುಲ್ಕ, ವಸತಿ, ಊಟ, ವಿಮೆ ಇವುಗಳಲ್ಲಿ ಯಾವುದು ಸೇರಿದೆಯೆಂದು ಕೇಳಬೇಕು.

ಈ ದಾರಿಯ ಫಲ ನಮ್ಮ ದೇಶಕ್ಕೆ ಮತ್ತೊಮ್ಮೆ ಕಂಡದ್ದು 2025ರ ಸೆಪ್ಟೆಂಬರಿನಲ್ಲಿ. ಸ್ವಿಟ್ಜರ್ಲೆಂಡಿನ ಬೀಲ್ ನಗರದಲ್ಲಿ ಡೇವಿಸ್ ಕಪ್ ಪಂದ್ಯ. ತಮಿಳುನಾಡಿನ ದಕ್ಷಿಣೇಶ್ವರ್ ಸುರೇಶ್ ಎಂಬ ತರುಣ ಭಾರತದ ಪರ ಮೊದಲ ಬಾರಿ ಅಂಗಳಕ್ಕಿಳಿದ. ವಿಶ್ವ ಪಟ್ಟಿಯಲ್ಲಿ ಆತ 600ರ ಆಚೆ. ಎದುರಾಳಿ ಜೆರೋಮ್ ಕಿಮ್ 150ರ ಆಸುಪಾಸಿನವನು. ದಕ್ಷಿಣೇಶ್ವರ್ 7-6, 6-3ರಿಂದ ಗೆದ್ದ. ಸುಮಿತ್ ನಗಾಲ್ ತಮ್ಮ ಎರಡು ಸಿಂಗಲ್ಸ್ ಗೆದ್ದು ಭಾರತಕ್ಕೆ 3-1ರ ಜಯ ತಂದರು. 1993ರಲ್ಲಿ ಫ್ರಾನ್ಸನ್ನು ಅದರ ನೆಲದಲ್ಲೇ ಮಣಿಸಿದ ಬಳಿಕ ಐರೋಪ್ಯ ತಂಡವೊಂದನ್ನು ಯೂರೋಪಿನಲ್ಲಿ ಸೋಲಿಸಿದ್ದು ಅದೇ ಮೊದಲು. ಅಪರಿಚಿತನಂತೆ ಕಂಡ ಈ ಹುಡುಗನಿಗೆ ಅಂಥ ಎದೆಗಾರಿಕೆ ಎಲ್ಲಿಂದ ಬಂತೆಂದು ಹಲವರು ಅಚ್ಚರಿಪಟ್ಟರು. ಆತ ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಆಟಗಾರ. ಆ ವರ್ಷದ ಕಾಲೇಜು ತಂಡ ಪ್ರಶಸ್ತಿಯನ್ನು ಗೆದ್ದ ತಂಡದವನು. ತಂಡದ ಗೆಲುವು ತನ್ನ ಹೆಗಲ ಮೇಲಿರುವಾಗ, ಕೂಗುವ ಜನರ ನಡುವೆ ಆಡುವುದು ಅವನಿಗೆ ಹೊಸತಾಗಿರಲಿಲ್ಲ.

ಹುಬ್ಬಳ್ಳಿಯ ನಮ್ಮ ಪರಿಚಯದವರ ಮಗಳು ಶಾಲೆಯನ್ನೂ ಬಿಡಲಿಲ್ಲ, ಆಟವನ್ನೂ ಬಿಡಲಿಲ್ಲ. ಬೆಳಗಿನ ಐದಕ್ಕೆ ಅಂಗಳ, ಒಂಬತ್ತಕ್ಕೆ ತರಗತಿ, ರೈಲಿನಲ್ಲಿ ಪಠ್ಯಪುಸ್ತಕ ಎಂಬ ಕ್ರಮದಲ್ಲೇ ಪಿಯುಸಿ ಮುಗಿಸಿದ್ದಾಳೆ. ಆಟದ ವೀಡಿಯೋಗಳನ್ನು ಕಳುಹಿಸಿದ್ದಕ್ಕೆ ಎರಡು ಕಾಲೇಜುಗಳ ತರಬೇತುದಾರರಿಂದ ಉತ್ತರ ಬಂದಿದೆ. ಒಂದು ದೊಡ್ಡ ಹೆಸರಿನದು, ಅರ್ಧ ವೇತನ. ಇನ್ನೊಂದು ಸಣ್ಣ ಊರಿನದು, ಪೂರ್ಣ ವೇತನ. ಕಳೆದ ವಾರ ಅವರ ಮನೆಗೆ ಹೋಗಿದ್ದಾಗ ಎರಡೂ ಪತ್ರಗಳು ಊಟದ ಮೇಜಿನ ಮೇಲಿದ್ದವು. ತಂದೆ ಡಾಲರುಗಳನ್ನು ರೂಪಾಯಿಗೆ ತಿರುಗಿಸಿ ಲೆಕ್ಕ ಹಾಕುತ್ತಿದ್ದರು. ಹುಡುಗಿ ಸಣ್ಣ ಊರಿನ ಕಡೆಗೇ ಒಲಿದಂತಿತ್ತು. ಅಲ್ಲಾದರೆ ಮೊದಲ ವರ್ಷವೇ ಆರು ಮಂದಿಯ ಸಿಂಗಲ್ಸ್ ಪಟ್ಟಿಯಲ್ಲಿ ಜಾಗ ಸಿಗುತ್ತದಂತೆ. ತಾಯಿ ನಮಗೆ ಚಹಾ ತಂದಿಡುತ್ತ ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣಾರ, ಅಲ್ಲಿ ಈಕಿಗೆ ಶಾಖಾಹಾರಿ ಊಟ ಸಿಗತದೇನ್ರಿ?" ಆ ಪ್ರಶ್ನೆಯನ್ನೂ ತರಬೇತುದಾರರಿಗೆ ಬರೆದು ಕೇಳುವುದೆಂದು ತೀರ್ಮಾನವಾಯಿತು.