ನಿದ್ದೆಗೆಟ್ಟರೆ ಮನಸ್ಸೂ ಕೆಡುವುದೇ?

ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದಿತೆಂದರೆ ಮನೆಮಂದಿಗೆಲ್ಲ ನಿದ್ದೆ ಕಡಿಮೆ. ಹಗಲು ಸೊಪ್ಪು ಕೊಯ್ಯಬೇಕು, ರಾತ್ರಿ ಎದ್ದು ಹುಳುವಿಗೆ ಹಾಕಬೇಕು. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಓದುಗರಿಗೆ ಇದು ಗೊತ್ತಿದ್ದದ್ದೇ. ಗೂಡು ಮಾರಾಟವಾದ ಮೇಲೆ ಎರಡು ದಿನ ಚೆನ್ನಾಗಿ ಮಲಗಿದರೆ ಎಲ್ಲರೂ ಸುಧಾರಿಸಿಕೊಳ್ಳುತ್ತಾರೆ.

ಆದರೆ ಕೆಲವು ಮನೆಗಳಲ್ಲಿ ಒಬ್ಬನಿಗೆ ಮಾತ್ರ ನಿದ್ದೆಯೇ ಬೇಡವಾಗುತ್ತದೆ. ಎರಡು ಗಂಟೆ ಮಲಗಿ ಎದ್ದರೂ ದಣಿವಿಲ್ಲ. ಮಾತು ಹೆಚ್ಚು, ಖರ್ಚು ಹೆಚ್ಚು, ತಡೆದರೆ ಸಿಟ್ಟು. 'ಹುಡುಗ ಚುರುಕಾದ' ಎಂದು ಮನೆಯವರು ಮೊದಲು ಹಿಗ್ಗುತ್ತಾರೆ. ಆಮೇಲೆ 'ಗಾಳಿ ಸೋಕಿದೆ' ಎಂದು ತಾಯಿತ ಕಟ್ಟಿಸುತ್ತಾರೆ.

ಇದು ಗಾಳಿಯಲ್ಲ, ಉನ್ಮಾದ. ಇದೇ ವ್ಯಕ್ತಿ ಬೇರೆ ಸಮಯದಲ್ಲಿ ವಾರಗಟ್ಟಲೆ ಮಂಕಾಗಿ ಮೂಲೆ ಹಿಡಿಯುವುದುಂಟು. ಅದು ಖಿನ್ನತೆ. ಈ ಎರಡು ತುದಿಗಳ ನಡುವೆ ಮನಸ್ಸು ಓಲಾಡುವುದಕ್ಕೆ ಬೈಪೋಲಾರ್ ಕಾಯಿಲೆ ಎನ್ನುತ್ತಾರೆ.

ನಿದ್ದೆಗೂ ಇದಕ್ಕೂ ಏನು ಸಂಬಂಧ? ನಮ್ಮ ಮಿದುಳಿನ ತಳಭಾಗದಲ್ಲಿ ಸುಮಾರು 20,000 ನರಕೋಶಗಳ ಪುಟ್ಟ ಗುಂಪೊಂದಿದೆ. ಇದೇ ದೇಹದ ಗಡಿಯಾರ. ಕಣ್ಣಿಗೆ ಬೀಳುವ ಬೆಳಕನ್ನು ನೋಡಿಕೊಂಡು ಇದು ದಿನವೂ ತನ್ನ ವೇಳೆಯನ್ನು ಸರಿಪಡಿಸಿಕೊಳ್ಳುತ್ತದೆ. ಈ ಗಡಿಯಾರವನ್ನು ನಡೆಸುವುದು ಕೆಲವು ವಂಶವಾಹಿಗಳು. ಅವು ತಯಾರಿಸುವ ಪ್ರೋಟೀನು ಹೆಚ್ಚಾದಾಗ ತಯಾರಿಕೆ ನಿಲ್ಲುತ್ತದೆ, ಕರಗಿದಾಗ ಮತ್ತೆ ಆರಂಭವಾಗುತ್ತದೆ. ಒಂದು ಸುತ್ತಿಗೆ ಸುಮಾರು 24 ಗಂಟೆ. ಹಣ್ಣಿನ ನೊಣಗಳಲ್ಲಿ ಇದನ್ನು ಕಂಡುಹಿಡಿದ ಹಾಲ್, ರಾಸ್‌ಬ್ಯಾಶ್ ಮತ್ತು ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂತು.

'ಕ್ಲಾಕ್' ಎಂಬ ವಂಶವಾಹಿ ಕೆಟ್ಟ ಇಲಿಗಳು ಕಡಿಮೆ ನಿದ್ದೆ ಮಾಡಿ, ಉನ್ಮಾದ ಬಂದವರಂತೆ ಓಡಾಡಿದವು. ಲಿಥಿಯಂ ಕೊಟ್ಟಾಗ ಬಹುಮಟ್ಟಿಗೆ ಸರಿಹೋದವು. ಇದು 2007ರ ಸಂಶೋಧನೆ. ಮನುಷ್ಯರಲ್ಲಿ ಇಷ್ಟು ಸರಳವಲ್ಲ. ಅನೇಕ ವಂಶವಾಹಿಗಳು ಸೇರಿ ಅಪಾಯವನ್ನು ಹೆಚ್ಚಿಸುತ್ತವೆ. ಅಂಥವರಲ್ಲಿ ನಿದ್ದೆಗೇಡು ಕಿಡಿಯಂತೆ ಕೆಲಸ ಮಾಡುತ್ತದೆ. ನಿದ್ದೆಗೆಟ್ಟವರಿಗೆಲ್ಲ ಈ ಕಾಯಿಲೆ ಬರುವುದಿಲ್ಲ.

'ಹಾಗಾದರೆ ಮಕ್ಕಳಿಗೂ ಬರುತ್ತದೆಯೇ ಡಾಕ್ಟ್ರೇ?' ಎಂಬ ಪ್ರಶ್ನೆ ಸಹಜ. ತಂದೆ ಅಥವಾ ತಾಯಿಗೆ ಇದ್ದರೆ ಮಕ್ಕಳಲ್ಲಿ 100ಕ್ಕೆ ಸುಮಾರು 5ರಿಂದ 10 ಮಂದಿಗೆ ಬರಬಹುದು. ಉಳಿದವರಿಗೆ ಬರುವುದಿಲ್ಲ. ಮದುವೆ ಸಂಬಂಧ ತಪ್ಪೀತೆಂದು ಕಾಯಿಲೆಯನ್ನು ಮುಚ್ಚಿಟ್ಟರೆ ಚಿಕಿತ್ಸೆ ತಡವಾಗುತ್ತದೆ, ಖಿನ್ನತೆಯಲ್ಲಿ ಪ್ರಾಣಕ್ಕೇ ಕುತ್ತು ಬರಬಹುದು.

ನೀವು ಮಾಡಬೇಕಾದದ್ದಿಷ್ಟು. ಮನೆಯಲ್ಲಿ ಈ ಕಾಯಿಲೆ ಇರುವವರಿಗೆ ಹುಳುವಿನ ರಾತ್ರಿ ಕೆಲಸ ಬಿಡಿಸಿ, ಹಗಲಿನ ಕೆಲಸ ಕೊಡಿ. ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಇದ್ದರೆ ವೈದ್ಯರ ಪತ್ರ ಕೊಟ್ಟು ಬದಲಾವಣೆ ಕೇಳಿ. ಮಲಗುವ, ಏಳುವ ವೇಳೆ ದಿನವೂ ಒಂದೇ ಇರಲಿ. ಸಂಜೆಯ ಮೇಲೆ ಕಾಫಿ, ಟೀ ಬೇಡ. ಮದ್ಯವಂತೂ ಬೇಡವೇ ಬೇಡ.

ಗುಣವಾಯಿತೆಂದು ಲಿಥಿಯಂ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ವೈದ್ಯರು ಹೇಳಿದಾಗ ರಕ್ತ ಪರೀಕ್ಷೆ ಮಾಡಿಸಿ. ಅವರನ್ನು ಕೇಳದೆ ನೋವಿನ ಮಾತ್ರೆ ನುಂಗಬೇಡಿ.

ಎರಡು ರಾತ್ರಿ ನಿದ್ದೆಯಿಲ್ಲದಿದ್ದರೂ ಹುರುಪು ಇಳಿಯದಿದ್ದರೆ ಕಾಯಬೇಡಿ. ವೈದ್ಯರಲ್ಲಿಗೆ ಕರೆತನ್ನಿ, ಇಲ್ಲವೇ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಬೆಳೆ ಒಂದು ಕೆಟ್ಟರೆ ಇನ್ನೊಂದು ತೆಗೆಯಬಹುದು. ಮನೆಯ ಮಗನ ವಿಷಯದಲ್ಲಿ ಹಾಗೆನ್ನಲಾಗದು.